ಗಣಕಯಂತ್ರದ ವಿದ್ಯುತ್ ಪೂರೈಕೆ ಘಟಕದ ಬದಲಾವಣೆ

ಡೆಸ್ಕ್‌ಟಾಪ್ ಗಣಕಯಂತ್ರದಲ್ಲಿ ಗೋಡೆಯ ಸಾಕೆಟ್ಟಿನಿಂದ ಬರುವ ಪರ್ಯಾಯ ವಿದ್ಯುತ್ತನ್ನು ಒಳಗಿನ ಬಿಡಿಭಾಗಗಳಿಗೆ ಬೇಕಾದ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಾಗಿ ಪರಿವರ್ತಿಸುವ ಭಾಗಕ್ಕೆ ವಿದ್ಯುತ್ ಪೂರೈಕೆ ಘಟಕ ಎಂದು ಹೆಸರು. ಭಾರತದ ಅಂಗಡಿಗಳಲ್ಲಿಯೂ ದುರಸ್ತಿಗಾರರಲ್ಲಿಯೂ ಇದು ಎಸ್‌ಎಂಪಿಎಸ್ ಎಂದೇ ಪರಿಚಿತವಾಗಿದೆ. ಈ ಘಟಕವನ್ನು ಯಾವಾಗ ಬದಲಾಯಿಸಬೇಕು, ಯಾವಾಗ ಬದಲಾಯಿಸಬೇಕಾಗಿಲ್ಲ ಎಂಬ ನಿರ್ಧಾರವು ಗಣಕಯಂತ್ರದ ನಿರ್ವಹಣೆಯಲ್ಲಿ ಮುಖ್ಯವಾದುದು. ಕೆಟ್ಟ ಘಟಕವು ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕುಗಳನ್ನೂ ಹಾಳುಮಾಡಬಲ್ಲದು. ಇನ್ನೊಂದೆಡೆ, ದೋಷವು ಮನೆಯ ವೈರಿಂಗ್, ಯುಪಿಎಸ್ ಅಥವಾ ಭೂಸಂಪರ್ಕದಲ್ಲಿದ್ದರೆ ಹೊಸ ಘಟಕಕ್ಕೆ ಮಾಡಿದ ವೆಚ್ಚ ವ್ಯರ್ಥವಾಗುತ್ತದೆ. ಬಿಸಿಲು, ಧೂಳು ಹಾಗೂ ವಿದ್ಯುತ್ತಿನ ಏರಿಳಿತ ಹೆಚ್ಚಾಗಿರುವ ಪ್ರದೇಶಗಳಲ್ಲಿ ಈ ಎರಡೂ ಬಗೆಯ ತೊಂದರೆಗಳು ಕಂಡುಬರುತ್ತವೆ. ಈ ಲೇಖನದಲ್ಲಿ ಅಂತಹ ಪ್ರದೇಶಕ್ಕೆ ಉದಾಹರಣೆಯಾಗಿ ಕಲ್ಯಾಣ ಕರ್ನಾಟಕದ ಯಾದಗಿರಿ, ಶಹಾಪುರ ಮತ್ತು ಸುರಪುರಗಳ ಪರಿಸರವನ್ನು ತೆಗೆದುಕೊಳ್ಳಲಾಗಿದೆ.

ಇತಿಹಾಸ

1981ರಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯ ಪೂರೈಕೆ ಘಟಕದ ಸಾಮರ್ಥ್ಯ 63.5 ವ್ಯಾಟ್ ಆಗಿತ್ತು. 1984ರ ಐಬಿಎಂ ಪಿಸಿ ಎಟಿ ಮಾದರಿಯಲ್ಲಿ ಅದು 192 ವ್ಯಾಟ್‌ಗೆ ಏರಿತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಮಾನದಂಡವನ್ನು ಪ್ರಕಟಿಸಿತು. ಘಟಕದ ಅಳತೆ, ಕನೆಕ್ಟರ್‌ಗಳ ಆಕಾರ ಮತ್ತು ವೋಲ್ಟೇಜುಗಳು ಇದರಿಂದ ನಿಗದಿಯಾದ ಕಾರಣ, ಒಬ್ಬ ತಯಾರಕರ ಘಟಕದ ಬದಲಿಗೆ ಇನ್ನೊಬ್ಬ ತಯಾರಕರದನ್ನು ಅಳವಡಿಸುವುದು ಸಾಧ್ಯವಾಯಿತು. ವಿದ್ಯುತ್ತಿನ ದಕ್ಷತೆಯನ್ನು ಪ್ರಮಾಣೀಕರಿಸುವ 80 ಪ್ಲಸ್ ಯೋಜನೆಯು 2004ರಲ್ಲಿ ಆರಂಭವಾಯಿತು. ಗ್ರಾಫಿಕ್ಸ್ ಕಾರ್ಡುಗಳ ಕ್ಷಣಿಕ ಹೆಚ್ಚುವರಿ ಬೇಡಿಕೆಯನ್ನು ಗಮನದಲ್ಲಿಟ್ಟುಕೊಂಡ ಎಟಿಎಕ್ಸ್ 3.0 ಮಾನದಂಡವು 2022ರಲ್ಲಿ ಬಂದಿತು.

ಕಾರ್ಯವಿಧಾನ

ಭಾರತದಲ್ಲಿ ಗೃಹಬಳಕೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್ ಆಗಿರುತ್ತದೆ. ಘಟಕದೊಳಗೆ ಇದು ಮೊದಲು ನೇರ ವಿದ್ಯುತ್ತಾಗಿ ಬದಲಾಗಿ ದೊಡ್ಡ ಕೆಪಾಸಿಟರ್‌ನಲ್ಲಿ ಸಂಗ್ರಹವಾಗುತ್ತದೆ. ಈ ಹಂತದಲ್ಲಿ ವೋಲ್ಟೇಜು ಸುಮಾರು 325 ಇರುತ್ತದೆ. ಬಳಿಕ ಟ್ರಾನ್ಸಿಸ್ಟರ್‌ಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಜೋಡಿಸಿ ಕಡಿಯುತ್ತವೆ. ಚಿಕ್ಕ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ, ಹೊರಬದಿಯ ಕೆಪಾಸಿಟರ್‌ಗಳು ಅದನ್ನು ಸಮಗೊಳಿಸುತ್ತವೆ.

ಎಟಿಎಕ್ಸ್ ಮಾನದಂಡದ ಮುಖ್ಯ ವೋಲ್ಟೇಜುಗಳು, ರೂಢಿಯ ತಂತಿ ಬಣ್ಣಗಳು ಮತ್ತು ಅನುಮತಿಸಲಾದ ಮಿತಿಗಳು ಹೀಗಿವೆ:

• 12 ವೋಲ್ಟ್, ಹಳದಿ ತಂತಿ: 11.40ರಿಂದ 12.60 ವೋಲ್ಟ್
• 5 ವೋಲ್ಟ್, ಕೆಂಪು ತಂತಿ: 4.75ರಿಂದ 5.25 ವೋಲ್ಟ್
• 3.3 ವೋಲ್ಟ್, ಕಿತ್ತಳೆ ತಂತಿ: 3.14ರಿಂದ 3.47 ವೋಲ್ಟ್
• 5 ವೋಲ್ಟ್ ಸ್ಟ್ಯಾಂಡ್‌ಬೈ, ನೇರಳೆ ತಂತಿ: 4.75ರಿಂದ 5.25 ವೋಲ್ಟ್

ಕಪ್ಪು ತಂತಿಯು ಗ್ರೌಂಡ್. ಹಸಿರು ತಂತಿಯು ಘಟಕವನ್ನು ಚಾಲೂ ಮಾಡುವ ಸಂಕೇತವನ್ನು ಒಯ್ಯುತ್ತದೆ. ವೋಲ್ಟೇಜುಗಳು ಸ್ಥಿರವಾಗಿವೆ ಎಂದು ಬೂದು ತಂತಿಯು ಮದರ್‌ಬೋರ್ಡಿಗೆ ತಿಳಿಸುತ್ತದೆ. ಇತ್ತೀಚಿನ ಹಲವು ಘಟಕಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಕನೆಕ್ಟರ್‌ನ ಪಿನ್ ಕ್ರಮವನ್ನು ನೋಡಿಯೇ ಗುರುತಿಸಬೇಕು.

ಹೊರಗಿನ ವಿದ್ಯುತ್ತು ನಿಂತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ಘಟಕವು ಅತ್ಯಲ್ಪ ಕಾಲ ಕೆಲಸ ಮುಂದುವರಿಸುತ್ತದೆ. ಪೂರ್ಣ ಹೊರೆಯಲ್ಲಿ ಈ ಅವಧಿ ಸುಮಾರು 16 ಮಿಲಿಸೆಕೆಂಡು. ಯುಪಿಎಸ್ ತನ್ನ ಬ್ಯಾಟರಿಗೆ ಬದಲಾಗುವ ತನಕ ಗಣಕಯಂತ್ರವನ್ನು ನಡೆಸುವುದು ಇದೇ ಶಕ್ತಿ.

ಹಳತಾಗಲು ಕಾರಣಗಳು

ಘಟಕದ ಆಯುಷ್ಯವನ್ನು ಹೆಚ್ಚಾಗಿ ನಿರ್ಧರಿಸುವುದು ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಇವುಗಳಲ್ಲಿರುವ ದ್ರವವು ಶಾಖದಿಂದ ನಿಧಾನವಾಗಿ ಒಣಗುತ್ತದೆ. ಕೆಪಾಸಿಟರ್‌ನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಸಾಮಾನ್ಯ ಲೆಕ್ಕಾಚಾರ. ಆದ್ದರಿಂದಲೇ ಉತ್ತಮ ಘಟಕಗಳಲ್ಲಿ 85 ಡಿಗ್ರಿಯ ಬದಲು 105 ಡಿಗ್ರಿ ಸೆಲ್ಸಿಯಸ್ ಅಂಕಿತವಿರುವ ಕೆಪಾಸಿಟರ್‌ಗಳನ್ನು ಬಳಸಲಾಗುತ್ತದೆ. ಒಣಗಿದ ಕೆಪಾಸಿಟರ್ ಇರುವ ಘಟಕದ ನೇರ ವಿದ್ಯುತ್ತಿನಲ್ಲಿ ಸಣ್ಣ ತರಂಗಗಳು ಹೆಚ್ಚುತ್ತವೆ. ಸರಾಸರಿ ವೋಲ್ಟೇಜು ಸರಿಯಿದ್ದರೂ ಈ ತರಂಗಗಳಿಂದ ಗಣಕಯಂತ್ರವು ಅಸ್ಥಿರವಾಗಬಹುದು.

ಫ್ಯಾನಿನ ಬೇರಿಂಗ್ ಸವೆಯುವುದು, ಧೂಳಿನಿಂದ ಗಾಳಿಯ ದಾರಿ ಮುಚ್ಚುವುದು, ಸಿಡಿಲಿನಿಂದ ಅಥವಾ ವಿದ್ಯುತ್ತು ಮರಳಿ ಬಂದಾಗ ಉಂಟಾಗುವ ಕ್ಷಣಿಕ ಹೆಚ್ಚಳ ಇವು ಇತರ ಕಾರಣಗಳು. ಮೂರು ಫೇಸಿನ ಮಾರ್ಗದಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟಿನ ಸಾಕೆಟ್ಟಿನಲ್ಲಿ 400 ವೋಲ್ಟಿಗೆ ಸಮೀಪದ ವಿದ್ಯುತ್ತು ಬರಬಹುದು. ಇಂತಹ ಸಂದರ್ಭದಲ್ಲಿ ಘಟಕದ ಫ್ಯೂಸು ಮಾತ್ರವಲ್ಲದೆ ಒಳಬದಿಯ ಟ್ರಾನ್ಸಿಸ್ಟರ್‌ಗಳೂ ಸುಟ್ಟಿರುವ ಸಾಧ್ಯತೆ ಹೆಚ್ಚು. ಫ್ಯೂಸನ್ನು ಮಾತ್ರ ಬದಲಾಯಿಸಿದರೆ ಅದು ಮತ್ತೆ ಸುಡುತ್ತದೆ.

ಯಾದಗಿರಿ ಜಿಲ್ಲೆಯ ಪರಿಸ್ಥಿತಿ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲೂಕುಗಳು ಮೊದಲು ಗುಲ್ಬರ್ಗಾ ಜಿಲ್ಲೆಯಲ್ಲಿದ್ದು, 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಪ್ರದೇಶಕ್ಕೆ ವಿದ್ಯುತ್ ವಿತರಿಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ, 2002ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಜೆಸ್ಕಾಂ. ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯ ಮೂಲಕ ತಾಲೂಕು ಕಚೇರಿಗಳಿಗೆ ಗಣಕಯಂತ್ರಗಳು ಬಂದವು. ನಂತರ ನಾಡಕಚೇರಿ, ಗ್ರಾಮ ಪಂಚಾಯಿತಿ, ಪ್ರೌಢಶಾಲೆ, ಗ್ರಾಮ ಒನ್ ಕೇಂದ್ರ ಹಾಗೂ ಖಾಸಗಿ ಆನ್‌ಲೈನ್ ಅಂಗಡಿಗಳಲ್ಲಿ ಅವು ನಿತ್ಯಬಳಕೆಗೆ ಸೇರಿದವು. ವಿದ್ಯಾರ್ಥಿವೇತನ, ಬೆಳೆವಿಮೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಅರ್ಜಿಗಳಿಗೆ ಕೊನೆಯ ದಿನಾಂಕವಿರುತ್ತದೆ. ಹೀಗಾಗಿ ಒಂದೇ ಯಂತ್ರವಿರುವ ಕೇಂದ್ರದಲ್ಲಿ ಅದರ ಪೂರೈಕೆ ಘಟಕ ಕೆಟ್ಟರೆ ನಷ್ಟವು ಅಂಗಡಿಯವರಿಗಷ್ಟೇ ಸೀಮಿತವಾಗದೆ ಸರದಿಯಲ್ಲಿ ನಿಂತವರಿಗೂ ತಟ್ಟುತ್ತದೆ.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಗಡಿನ ಚಾವಣಿಯ ಮಳಿಗೆಯೊಳಗೆ ಅದು ಇನ್ನೂ ಹೆಚ್ಚಾಗಿರುತ್ತದೆ. 25 ಡಿಗ್ರಿಯ ಕೋಣೆಯಲ್ಲಿರುವ ಘಟಕಕ್ಕೆ ಹೋಲಿಸಿದರೆ ಇಲ್ಲಿನ ಘಟಕವು ಬೇಸಿಗೆಯುದ್ದಕ್ಕೂ ಸುಮಾರು 15 ಡಿಗ್ರಿ ಹೆಚ್ಚು ಬಿಸಿಯಾದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಒಣಗಿದ ಎರೆಮಣ್ಣಿನ ಸೂಕ್ಷ್ಮ ಧೂಳು, ಹತ್ತಿಯ ಎಳೆಗಳು ಮತ್ತು ತೊಗರಿ ರಾಶಿಯ ಕಾಲದ ಹೊಟ್ಟಿನ ಪುಡಿ ಫ್ಯಾನಿನ ಜಾಲರಿಯಲ್ಲಿ ಸಿಕ್ಕಿಕೊಂಡು ಗಾಳಿಯ ಹರಿವನ್ನು ಕುಗ್ಗಿಸುತ್ತವೆ. ಮುಂಗಾರಿಗೆ ಮುನ್ನ ಬರುವ ಗುಡುಗು ಮಳೆಯೊಂದಿಗೆ ಸಿಡಿಲಿನ ಅಪಾಯವೂ ಇರುತ್ತದೆ.

ವಿತರಣಾ ಮಾರ್ಗದ ತುದಿಯಲ್ಲಿರುವ ಊರುಗಳಲ್ಲಿ, ಪಂಪ್‌ಸೆಟ್ಟುಗಳು ಏಕಕಾಲಕ್ಕೆ ನಡೆಯುವಾಗ ವೋಲ್ಟೇಜು ಕುಸಿಯುವುದುಂಟು. ಪವರ್ ಫ್ಯಾಕ್ಟರ್ ತಿದ್ದುಪಡಿ ಇಲ್ಲದ ಅಗ್ಗದ ಘಟಕಗಳಲ್ಲಿ ಇದರ ಪರಿಣಾಮ ಹೆಚ್ಚು. ಅಂತಹ ಘಟಕಕ್ಕೆ 230ರ ಬದಲು 180 ವೋಲ್ಟ್ ದೊರೆತಾಗ ಕೆಪಾಸಿಟರ್‌ನಲ್ಲಿ ಸಂಗ್ರಹವಾಗುವ ಶಕ್ತಿ ಶೇ. 61ಕ್ಕೆ ಇಳಿಯುತ್ತದೆ. ಆಗ ಹೊಸ ಘಟಕವೂ ಕ್ಷಣಿಕ ಕಡಿತವನ್ನು ತಾಳಲಾರದೆ ಹೋಗಬಹುದು.

ದೋಷದ ಲಕ್ಷಣಗಳು

ಪೂರೈಕೆ ಘಟಕದ ದೋಷವನ್ನು ಸೂಚಿಸುವ ಲಕ್ಷಣಗಳಲ್ಲಿ ಈ ಕೆಳಗಿನವು ಮುಖ್ಯವಾಗಿವೆ:

• ಸುಟ್ಟ ವಾಸನೆ, ಹೊಗೆ, ಕಿಡಿ ಅಥವಾ ಚಟಪಟ ಸದ್ದು
• ಗುಂಡಿ ಒತ್ತಿದಾಗ ಯಾವ ದೀಪವೂ ಉರಿಯದಿರುವುದು, ಅಥವಾ ಫ್ಯಾನು ಒಂದು ಸುತ್ತು ತಿರುಗಿ ನಿಲ್ಲುವುದು
• ವಿಡಿಯೊ ಸಂಪಾದನೆ ಅಥವಾ ಆಟದಂತಹ ಭಾರವಾದ ಕೆಲಸದ ವೇಳೆಯಲ್ಲಿ ಮಾತ್ರ ಯಂತ್ರವು ದಿಢೀರನೆ ಆರಿಹೋಗುವುದು
• ತಣ್ಣಗಿರುವಾಗ ಹಲವು ಸಲ ಒತ್ತಿದ ಮೇಲಷ್ಟೇ ಯಂತ್ರವು ಆರಂಭವಾಗುವುದು
• ಘಟಕದ ಫ್ಯಾನು ತಿರುಗದಿರುವುದು ಅಥವಾ ಕರ್ಕಶವಾಗಿ ಸದ್ದು ಮಾಡುವುದು
• ಮೊದಲು ಯುಪಿಎಸ್ ಬದಲಾವಣೆಯನ್ನು ತಾಳಿಕೊಳ್ಳುತ್ತಿದ್ದ ಯಂತ್ರವು, ಯುಪಿಎಸ್ ಸರಿಯಿದ್ದರೂ, ಕರೆಂಟು ಹೋದಾಗಲೆಲ್ಲ ಮರುಚಾಲನೆಗೊಳ್ಳತೊಡಗುವುದು

ಕೊನೆಯ ಲಕ್ಷಣವು ಕೆಪಾಸಿಟರ್‌ನ ಸಂಗ್ರಹ ಶಕ್ತಿ ಕುಂದಿರುವುದನ್ನು ಸೂಚಿಸಬಹುದು. ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ಇದು ಮೊದಲು ಗಮನಕ್ಕೆ ಬರುವ ಸೂಚನೆಯೂ ಆಗಬಲ್ಲದು. ವಿಂಡೋಸ್ ದಾಖಲೆಯಲ್ಲಿ ಕಾಣುವ ಕರ್ನಲ್-ಪವರ್ 41 ಎಂಬ ನಮೂದು, ಯಂತ್ರವು ಸರಿಯಾಗಿ ಮುಚ್ಚದೆ ನಿಂತಿತೆಂಬುದನ್ನು ಮಾತ್ರ ತಿಳಿಸುತ್ತದೆ. ಪೂರೈಕೆ ಘಟಕವೇ ಕೆಟ್ಟಿದೆ ಎಂಬುದಕ್ಕೆ ಅದು ಸಾಕ್ಷ್ಯವಲ್ಲ.

ಇದೇ ಲಕ್ಷಣಗಳಿಗೆ ಇತರ ಕಾರಣಗಳು

ಘಟಕವನ್ನು ಬದಲಾಯಿಸುವ ಮುನ್ನ ಸುಲಭವಾಗಿ ಪರಿಶೀಲಿಸಬಹುದಾದ ಇತರ ಕಾರಣಗಳನ್ನು ತಳ್ಳಿಹಾಕುವುದು ಅಗತ್ಯ.

ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್: ಸಡಿಲವಾದ ಸಾಕೆಟ್ಟು ಕ್ಷಣಕ್ಷಣಕ್ಕೆ ಸಂಪರ್ಕ ಕಡಿಯುತ್ತದೆ. ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು, ಗಣಕಯಂತ್ರಕ್ಕೆ ಬೇರೊಂದು ವಿದ್ಯುತ್ ಕೇಬಲನ್ನು ಜೋಡಿಸಿ ನೋಡಬೇಕು.

ಯುಪಿಎಸ್ ಬ್ಯಾಟರಿ: ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ 12 ವೋಲ್ಟಿನ ಚಿಕ್ಕ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಬಿಸಿ ವಾತಾವರಣದಲ್ಲಿ ಅದು ಕೆಲವೇ ವರ್ಷಗಳಲ್ಲಿ ದುರ್ಬಲವಾಗುತ್ತದೆ. ಕರೆಂಟು ಹೋದೊಡನೆ ಯಂತ್ರ ಆರಿದರೆ ಮೊದಲು ಪರೀಕ್ಷಿಸಬೇಕಾದುದು ಈ ಬ್ಯಾಟರಿಯನ್ನು.

ಮನೆಯ ಇನ್ವರ್ಟರ್: ಹಲವು ಇನ್ವರ್ಟರುಗಳಲ್ಲಿ ಸಾಮಾನ್ಯ ವಿಧಾನ ಮತ್ತು ಯುಪಿಎಸ್ ವಿಧಾನ ಎಂಬ ಎರಡು ಆಯ್ಕೆಗಳಿರುತ್ತವೆ. ಸಾಮಾನ್ಯ ವಿಧಾನದಲ್ಲಿ ಬ್ಯಾಟರಿಗೆ ಬದಲಾಗುವ ಅವಧಿ ದೀರ್ಘವಾಗಿದ್ದು, ಘಟಕವು ತಾಳುವ ಅವಧಿಯನ್ನು ಮೀರಬಹುದು. ಆಗ ಯುಪಿಎಸ್ ವಿಧಾನವನ್ನು ಆಯ್ದುಕೊಳ್ಳುವುದೇ ಪರಿಹಾರವಾಗಬಹುದು.

ಭೂಸಂಪರ್ಕ: ಗಣಕಯಂತ್ರದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ ಘಟಕವು ಸೋರುತ್ತಿದೆ ಎಂದು ಭಾವಿಸಲಾಗುತ್ತದೆ. ಘಟಕದ ಶೋಧಕದಲ್ಲಿರುವ ಕೆಪಾಸಿಟರ್‌ಗಳು ಸಹಜವಾಗಿಯೇ ಅತ್ಯಲ್ಪ ವಿದ್ಯುತ್ತನ್ನು ಪೆಟ್ಟಿಗೆಗೆ ಬಿಡುತ್ತವೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟಾಗ ಅರ್ಥಿಂಗ್ ಗುಂಡಿಯ ರೋಧ ಹೆಚ್ಚುತ್ತದೆ. ಮೂರನೆಯ ಪಿನ್ನಿಗೆ ತಂತಿಯನ್ನೇ ಜೋಡಿಸದ ಹಳೆಯ ಮನೆಗಳೂ ಇವೆ. ಇಲ್ಲಿ ಹೊಸ ಘಟಕ ಹಾಕಿದರೂ ಜುಮ್ಮೆನ್ನುವುದು ನಿಲ್ಲುವುದಿಲ್ಲ. ವಿದ್ಯುತ್ ಕೆಲಸಗಾರರಿಂದ ಅರ್ಥಿಂಗನ್ನು ಸರಿಪಡಿಸಿದ ಮೇಲೂ ಅದು ಉಳಿದರೆ ಮಾತ್ರ ಘಟಕವನ್ನು ಶಂಕಿಸಬೇಕು.

ಇತರ ಬಿಡಿಭಾಗಗಳು: ಸಡಿಲವಾದ ಅಥವಾ ಕೊಳೆಯಾದ ರ್‍ಯಾಮ್, ಧೂಳು ತುಂಬಿದ ಪ್ರೊಸೆಸರ್ ಫ್ಯಾನು, ಕೆಟ್ಟ ಚಾಲನಾ ಗುಂಡಿ ಇವೂ ಇಂತಹವೇ ಲಕ್ಷಣಗಳನ್ನು ತೋರುತ್ತವೆ. ದಿನಾಂಕ ಮತ್ತು ಸಮಯ ಮಾತ್ರ ಪದೇ ಪದೇ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಗುಂಡಿಕೋಶವನ್ನು ಬದಲಾಯಿಸಿದರೆ ಸಾಕು.

ಪರೀಕ್ಷಾ ವಿಧಾನಗಳು

ಅತ್ಯಂತ ವಿಶ್ವಾಸಾರ್ಹವಾದ ಸರಳ ವಿಧಾನವೆಂದರೆ ಸುಸ್ಥಿತಿಯಲ್ಲಿದೆ ಎಂದು ಖಚಿತವಾಗಿ ತಿಳಿದಿರುವ ಇನ್ನೊಂದು ಘಟಕವನ್ನು ತಾತ್ಕಾಲಿಕವಾಗಿ ಜೋಡಿಸುವುದು. ತೊಂದರೆ ನಿಂತರೆ ಹಳೆಯ ಘಟಕವೇ ಕಾರಣ. ಮುಂದುವರಿದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಆದರೆ ಶಂಕಿತ ಘಟಕವನ್ನು ಸುಸ್ಥಿತಿಯಲ್ಲಿರುವ ಇನ್ನೊಂದು ಗಣಕಯಂತ್ರಕ್ಕೆ ಜೋಡಿಸಿ ನೋಡುವುದು ಸರಿಯಲ್ಲ. ಅದು ಆ ಯಂತ್ರವನ್ನೂ ಹಾಳುಮಾಡಬಹುದು.

ಎರಡನೆಯದು ಮಲ್ಟಿಮೀಟರ್ ಪರೀಕ್ಷೆ. ಯಂತ್ರವು ಕೆಲಸ ಮಾಡುತ್ತಿರುವಾಗ, ಬಳಸದೆ ಉಳಿದಿರುವ ಕನೆಕ್ಟರ್‌ನಲ್ಲಿ ಹಳದಿ ಹಾಗೂ ಕೆಂಪು ತಂತಿಗಳ ವೋಲ್ಟೇಜನ್ನು ಕಪ್ಪು ತಂತಿಗೆ ಹೋಲಿಸಿ ಅಳೆಯಲಾಗುತ್ತದೆ. ಹೊರೆ ಇಲ್ಲದಾಗ ಮತ್ತು ಹೊರೆ ಹೆಚ್ಚಿದಾಗ ಎರಡೂ ಸಲ ಅಳೆಯಬೇಕು. ಹೊರೆ ಹೆಚ್ಚಿದಾಗ 12 ವೋಲ್ಟ್ ತಂತಿಯು 11.4ಕ್ಕಿಂತ ಕೆಳಗಿಳಿದರೆ ಘಟಕವು ಮಿತಿ ಮೀರಿದೆ ಎಂದರ್ಥ. ಬಯಾಸ್ ಪರದೆಯಲ್ಲಿ ತೋರುವ ಅಂಕಿಗಳು ಅಷ್ಟು ನಿಖರವಲ್ಲ. ಸಾಮಾನ್ಯ ಮಲ್ಟಿಮೀಟರ್ ಸೂಕ್ಷ್ಮ ತರಂಗಗಳನ್ನು ತೋರಿಸದ ಕಾರಣ, ಅಂಕಿಗಳು ಸರಿಯಿದ್ದ ಮಾತ್ರಕ್ಕೆ ಘಟಕವು ನಿರ್ದೋಷಿ ಎನ್ನಲಾಗದು. ತರಂಗಗಳನ್ನು ಅಳೆಯಲು ಆಸಿಲೊಸ್ಕೋಪ್ ಬೇಕು.

ಘಟಕವನ್ನು ಯಂತ್ರದಿಂದ ಪೂರ್ಣವಾಗಿ ಬೇರ್ಪಡಿಸಿ, 24 ಪಿನ್ ಕನೆಕ್ಟರ್‌ನ ಹಸಿರು ಮತ್ತು ಕಪ್ಪು ತಂತಿಗಳ ಪಿನ್ನುಗಳನ್ನು ಚಿಕ್ಕ ತಂತಿಯಿಂದ ಕೂಡಿಸುವ ಪರೀಕ್ಷೆಯೂ ದುರಸ್ತಿಗಾರರಲ್ಲಿ ರೂಢಿಯಲ್ಲಿದೆ. ಇದರಿಂದ ಘಟಕವು ಚಾಲೂ ಆಗುತ್ತದೆಯೇ ಎಂಬುದು ಮಾತ್ರ ತಿಳಿಯುತ್ತದೆ, ಹೊರೆಯನ್ನು ತಾಳುತ್ತದೆಯೇ ಎಂಬುದು ತಿಳಿಯುವುದಿಲ್ಲ.

ಬದಲಾವಣೆಯ ನಿರ್ಧಾರ

ತಕ್ಷಣ ಬದಲಾಯಿಸಬೇಕಾದ ಸಂದರ್ಭಗಳು: ಹೊಗೆ, ಕಿಡಿ ಅಥವಾ ಸುಟ್ಟ ವಾಸನೆ ಬಂದಿದ್ದರೆ, ಕನೆಕ್ಟರ್ ಕರಗಿದ್ದರೆ, ವೋಲ್ಟೇಜು ಮಿತಿಯಿಂದ ಹೊರಗಿದ್ದರೆ ಅಥವಾ ಉಬ್ಬಿದ, ದ್ರವ ಸೋರಿದ ಕೆಪಾಸಿಟರ್ ಜಾಲರಿಯ ಮೂಲಕ ಕಾಣುತ್ತಿದ್ದರೆ ಯಂತ್ರವನ್ನು ಮತ್ತೆ ಚಾಲೂ ಮಾಡಬಾರದು. ಇನ್ನೊಮ್ಮೆ ಹಾಕಿ ನೋಡುವ ಪ್ರಯತ್ನವೇ ಹಾರ್ಡ್ ಡಿಸ್ಕಿನಲ್ಲಿರುವ ಮಾಹಿತಿಯ ನಾಶಕ್ಕೆ ಕಾರಣವಾಗಬಹುದು.

ಪರೀಕ್ಷಿಸಿ ಬದಲಾಯಿಸಬೇಕಾದ ಸಂದರ್ಭಗಳು: ಆಗಾಗ ಮರುಚಾಲನೆಗೊಳ್ಳುವುದು, ಹೊರೆಯಲ್ಲಿ ಆರುವುದು, ತಡವಾಗಿ ಆರಂಭವಾಗುವುದು ಈ ವರ್ಗಕ್ಕೆ ಸೇರುತ್ತವೆ. ಯಂತ್ರವು ಇನ್ನೂ ನಡೆಯುತ್ತಿರುವಾಗಲೇ ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿ, ಬಳಿಕ ಪರೀಕ್ಷೆಗೆ ತೊಡಗುವುದು ಕ್ಷೇಮ.

ಮುಂಜಾಗ್ರತೆಯ ಬದಲಾವಣೆ: ಘಟಕಕ್ಕೆ ಇಂತಿಷ್ಟೇ ವರ್ಷವೆಂಬ ನಿಯಮವಿಲ್ಲ. ತಯಾರಕರು ನೀಡುವ ವಾರಂಟಿಯ ಅವಧಿಯನ್ನು ಸ್ಥೂಲ ಮಾರ್ಗದರ್ಶಿಯಾಗಿ ಪರಿಗಣಿಸಬಹುದು. ವಾರಂಟಿ ಮುಗಿದಿರುವ ಹಾಗೂ ಬಿಸಿಲು, ಧೂಳಿನಲ್ಲಿ ದಿನವಿಡೀ ನಡೆದಿರುವ ಘಟಕವನ್ನು ಹೊಸ ಮದರ್‌ಬೋರ್ಡಿಗೆ ಅಥವಾ ಗ್ರಾಫಿಕ್ಸ್ ಕಾರ್ಡಿಗೆ ಮರುಬಳಸುವುದು ಸೂಕ್ತವಲ್ಲ. ಒಂದೇ ಯಂತ್ರವನ್ನು ಅವಲಂಬಿಸಿರುವ ಕೇಂದ್ರಗಳು ಒಂದು ಹೆಚ್ಚುವರಿ ಘಟಕವನ್ನು ಇಟ್ಟುಕೊಳ್ಳುವುದು ಉಪಯುಕ್ತ. ವಿಶೇಷ ಮಾದರಿಯ ಘಟಕವಾದರೆ ಅದನ್ನು ಕಲಬುರಗಿ, ರಾಯಚೂರು ಅಥವಾ ಹೈದರಾಬಾದಿನಿಂದ ತರಿಸಬೇಕಾಗಬಹುದು. ಆ ವೇಳೆಗೆ ಅರ್ಜಿಯ ಗಡುವು ಮುಗಿದುಹೋಗಬಹುದು.

ಬದಲಾವಣೆ ಅನಗತ್ಯವಾದ ಸಂದರ್ಭಗಳು: ದೋಷವು ಸಾಕೆಟ್, ಬ್ಯಾಟರಿ ಅಥವಾ ಅರ್ಥಿಂಗ್‌ನಲ್ಲಿದ್ದರೆ ಮತ್ತು ಜಾಲರಿಯ ಧೂಳನ್ನು ತೆಗೆದ ಮೇಲೆ ತೊಂದರೆ ನಿಂತರೆ ಘಟಕವನ್ನು ಬದಲಾಯಿಸಬೇಕಾಗಿಲ್ಲ. ಸಿಡಿಲಿನ ಹಾನಿಯು ನೆಟ್‌ವರ್ಕ್ ಕೇಬಲಿನ ಮೂಲಕ ಬಂದಿದ್ದರೆ ಮದರ್‌ಬೋರ್ಡ್ ಮಾತ್ರ ಕೆಟ್ಟಿರುವುದೂ ಉಂಟು.

ಹೊಸ ಘಟಕದ ಆಯ್ಕೆ

ಕಚೇರಿ ಕೆಲಸದ ಗಣಕಯಂತ್ರದಲ್ಲಿ ಪ್ರೊಸೆಸರಿಗೆ 65, ಮದರ್‌ಬೋರ್ಡ್ ಮತ್ತು ರ್‍ಯಾಮಿಗೆ 40, ಡಿಸ್ಕು ಹಾಗೂ ಫ್ಯಾನುಗಳಿಗೆ 20 ವ್ಯಾಟ್ ಎಂದು ಹಿಡಿದರೆ ಒಟ್ಟು 125 ವ್ಯಾಟ್ ಆಗುತ್ತದೆ. ಪ್ರೊಸೆಸರ್ ಕೆಲವೊಮ್ಮೆ ತನ್ನ ಅಂಕಿತಕ್ಕಿಂತ ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ, ಅಂತಹ ಯಂತ್ರಕ್ಕೆ 300ರಿಂದ 400 ವ್ಯಾಟಿನ ನಂಬಲರ್ಹ ಘಟಕವು ಸಾಕಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ತಯಾರಕರು ಸೂಚಿಸಿರುವ ಸಾಮರ್ಥ್ಯವನ್ನು ಅನುಸರಿಸಬೇಕು.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಿಂತ ಲೇಬಲಿನಲ್ಲಿರುವ 12 ವೋಲ್ಟ್ ಸಾಲಿನ ಆಂಪಿಯರ್ ಮುಖ್ಯ. ಉದಾಹರಣೆಗೆ, 450 ಎಂದು ಬರೆದಿರುವ ಘಟಕದ 12 ವೋಲ್ಟ್ ಸಾಲು 16 ಆಂಪಿಯರ್ ಮಾತ್ರವಾಗಿದ್ದರೆ ಅದರಿಂದ ದೊರೆಯುವುದು 192 ವ್ಯಾಟ್. ಅದೇ ಸಾಲು 30 ಆಂಪಿಯರ್ ಇದ್ದರೆ 360 ವ್ಯಾಟ್ ದೊರೆಯುತ್ತದೆ. ಮೂಲ 80 ಪ್ಲಸ್ ಗುರುತಿನ ಘಟಕವು ಶೇ. 20, 50 ಮತ್ತು 100 ಹೊರೆಗಳಲ್ಲಿ ಕನಿಷ್ಠ ಶೇ. 80 ದಕ್ಷತೆಯನ್ನು ಹೊಂದಿರುತ್ತದೆ. ದಕ್ಷತೆ ಹೆಚ್ಚಿದಷ್ಟೂ ಒಳಗೆ ಶಾಖ ಕಡಿಮೆಯಾಗುವುದರಿಂದ ಬಿಸಿಲ ನಾಡಿನಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಒಳಬರುವ ವೋಲ್ಟೇಜಿನ ಮಿತಿ 100ರಿಂದ 240 ಎಂದಿರುವ ಘಟಕವು 200ರಿಂದ 240 ಎಂದಿರುವುದಕ್ಕಿಂತ ವೋಲ್ಟೇಜಿನ ಕುಸಿತವನ್ನು ಚೆನ್ನಾಗಿ ತಾಳುತ್ತದೆ. ಹಳೆಯ ಘಟಕಗಳಲ್ಲಿ 115 ಮತ್ತು 230 ಎಂಬ ಕೆಂಪು ಸ್ವಿಚ್ಚಿದ್ದರೆ ಅದು 230ರಲ್ಲಿಯೇ ಇರಬೇಕು. 115ಕ್ಕೆ ಸರಿಸಿ ಚಾಲೂ ಮಾಡಿದರೆ ಘಟಕವು ಸುಡುತ್ತದೆ.

ಕೆಲವು ಬ್ರಾಂಡೆಡ್ ಕಚೇರಿ ಗಣಕಯಂತ್ರಗಳಲ್ಲಿ ಅಳತೆಯೂ ಕನೆಕ್ಟರೂ ಎಟಿಎಕ್ಸ್‌ಗಿಂತ ಭಿನ್ನವಾಗಿರುತ್ತವೆ. ಖರೀದಿಗೆ ಮುನ್ನ ಹಳೆಯ ಘಟಕದ ಲೇಬಲು ಹಾಗೂ ಕನೆಕ್ಟರುಗಳ ಛಾಯಾಚಿತ್ರ ತೆಗೆದು ಹೋಲಿಸುವುದು ಒಳ್ಳೆಯದು.

ಅಳವಡಿಕೆ ಮತ್ತು ಸುರಕ್ಷತೆ

ಬದಲಾಯಿಸುವಾಗ ಮೊದಲು ಗಣಕಯಂತ್ರವನ್ನು ಮುಚ್ಚಿ, ವಿದ್ಯುತ್ ಕೇಬಲನ್ನು ಸಾಕೆಟ್ಟಿನಿಂದ ತೆಗೆದು, ಚಾಲನಾ ಗುಂಡಿಯನ್ನು ಕೆಲವು ಸೆಕೆಂಡು ಒತ್ತಬೇಕು. ಮದರ್‌ಬೋರ್ಡಿನ 24 ಪಿನ್, ಪ್ರೊಸೆಸರಿನ 4 ಅಥವಾ 8 ಪಿನ್ ಹಾಗೂ ಡಿಸ್ಕುಗಳ ಕನೆಕ್ಟರ್‌ಗಳನ್ನು ಬಿಡಿಸಿ, ಹಿಂಬದಿಯ ನಾಲ್ಕು ಸ್ಕ್ರೂಗಳನ್ನು ತೆಗೆದರೆ ಎಟಿಎಕ್ಸ್ ಘಟಕವು ಹೊರಬರುತ್ತದೆ. ಬಿಡಿಸಬಹುದಾದ ಕೇಬಲ್‌ಗಳಿರುವ ಮಾಡ್ಯುಲರ್ ಘಟಕವಾದರೆ ಹಳೆಯ ಕೇಬಲುಗಳನ್ನು ಹೊಸ ಘಟಕಕ್ಕೆ ಬಳಸಬಾರದು. ಘಟಕದ ಬದಿಯ ಪಿನ್ ಕ್ರಮಕ್ಕೆ ಮಾನದಂಡವಿಲ್ಲದ ಕಾರಣ, ಸರಿಯಾಗಿ ಕೂರುವ ಕೇಬಲು ಸಹ ಡಿಸ್ಕಿಗೆ ತಪ್ಪು ವೋಲ್ಟೇಜು ನೀಡಿ ಅದನ್ನು ಸುಡಬಹುದು.

ಘಟಕದ ಲೋಹದ ಕವಚವನ್ನು ಬಳಕೆದಾರರು ತೆರೆಯಬಾರದು. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಉಳಿದಿರಬಹುದು, ಅದು ಪ್ರಾಣಾಪಾಯಕಾರಿ. ಧೂಳನ್ನು ಹೊರಗಿನಿಂದಲೇ, ಪ್ಲಗ್ ತೆಗೆದು, ಬ್ಲೋವರ್ ಅಥವಾ ಒಣ ಕುಂಚದಿಂದ ತೆಗೆಯಬೇಕು. ಒಳಭಾಗದ ದುರಸ್ತಿಯನ್ನು ತರಬೇತಿ ಪಡೆದವರಿಗೆ ಬಿಡಬೇಕು. ಅಗ್ಗದ ಘಟಕಗಳಲ್ಲಿ ದುರಸ್ತಿಗಿಂತ ಬದಲಾವಣೆಯೇ ಸಾಮಾನ್ಯವಾಗಿ ಲಾಭದಾಯಕ.

ವಿಲೇವಾರಿ

ಕೆಟ್ಟ ಘಟಕವು ಇ-ತ್ಯಾಜ್ಯವಾಗಿದೆ. ಅದರ ಬೆಸುಗೆಯಲ್ಲಿ ಸೀಸವಿರಬಹುದು. ತಾಮ್ರಕ್ಕಾಗಿ ತಂತಿಗಳನ್ನು ಬಯಲಿನಲ್ಲಿ ಸುಟ್ಟರೆ ವಿಷಕಾರಿ ಹೊಗೆ ಏಳುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಇಂತಹ ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ಉತ್ಪಾದಕರೂ ಹೊರಬೇಕು. ಹಳೆಯ ಘಟಕವನ್ನು ಕಸದೊಂದಿಗೆ ಎಸೆಯದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.